ಹಾಡಿನ ಅಭ್ಯಾಸದ ಸಮಯ ಬದಲಾಗಿದೆ

ಗೆಳತಿಯರೇ, ಗೆಳೆಯರೇ,

ಬೀಳ್ಕೊಡುಗೆ ಹಾಡಿನ ಅಭ್ಯಾಸವನ್ನು ಈ ವಾರ ಸಂಜೆಯ ಬದಲು ಮಧ್ಯಾಹ್ನದ ಬಿಡುವಿನಲ್ಲೇ ಇಟ್ಟುಕೊಳ್ಳೋಣ. ಕಾರಣ ನಾನೇ, ಅಥವಾ ನಮ್ಮ ಹಸು. ಗಬ್ಬವಾಗಿ ಇಂದಿಗೆ 278 ದಿನ. ಸಾಮಾನ್ಯವಾಗಿ 280ರ ಆಸುಪಾಸಿನಲ್ಲಿ ಕರು ಹಾಕುತ್ತದೆ. ಶಾಲೆಯ ಕೊನೆಯ ಪರೀಕ್ಷೆಯೂ ಇದೇ ವಾರ ಬರಬೇಕೇ! ಕೆಚ್ಚಲು ಬಿಗಿದಿದೆ, ಬಾಲದ ಬುಡದ ಎರಡೂ ಬದಿ ಕುಳಿ ಬಿದ್ದಿದೆ. ನಿನ್ನೆ ರಾತ್ರಿ ಕೊಟ್ಟಿಗೆಯ ದೀಪದ ಕೆಳಗೆ ಹುಲ್ಲಿನ ಕಟ್ಟಿನ ಮೇಲೆ ಕುಳಿತು ತ್ರಿಕೋನಮಿತಿಯ ಲೆಕ್ಕ ಬಿಡಿಸುತ್ತಿದ್ದೆ, ಅದು ಕತ್ತು ಚಾಚಿ ನೋಟ್ ಪುಸ್ತಕವನ್ನು ನೆಕ್ಕಿಬಿಟ್ಟಿತು. ನನ್ನ ಟಿಪ್ಪಣಿ ಎರವಲು ಕೇಳಿದವರು ಆ ಎರಡು ಪುಟಗಳ ಆಸೆ ಬಿಡಿ.

ಹುಟ್ಟಿದ ಒಂದೆರಡು ಗಂಟೆಯೊಳಗೆ ಕರುವಿಗೆ ಗಿಣ್ಣುಹಾಲು ಕುಡಿಸಬೇಕು. ತಡವಾದಷ್ಟೂ ಅದರ ರೋಗನಿರೋಧಕ ಶಕ್ತಿ ಕರುವಿನ ಮೈಗೆ ಹತ್ತುವುದು ಕಡಿಮೆ. ಆ ಹೊತ್ತಿನಲ್ಲಿ ನಾನು ಕರೆ ಸ್ವೀಕರಿಸುವುದಿಲ್ಲ, ಸಂದೇಶ ಹಾಕಿ.

ತರಗತಿಯ ಫೋಟೊಗೆ ಖಂಡಿತ ಬರುತ್ತೇನೆ. ಬೂಟಿಗೆ ಸಗಣಿ ಮೆತ್ತಿದ್ದರೆ ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ಅಷ್ಟೇ.

ಅಂದ ಹಾಗೆ, ಹಾಡಿನ ಎರಡನೆಯ ಚರಣ ಯಾರ ಬಳಿ ಇದೆ? ಇಂದು ರಾತ್ರಿಯೊಳಗೆ ಇಲ್ಲಿ ಹಾಕಿ. ಹಾಲು ಕರೆಯುವಾಗ ಬಾಯಿಪಾಠ ಮಾಡಿಕೊಳ್ಳುತ್ತೇನೆ.