ಟವರ್ ಆನ್ ಇದೆ ಅನ್ನಬೇಡಿ, 900 ಬ್ಯಾಂಡ್ ಏನಾಯಿತು ಹೇಳಿ

ಗ್ರಾಹಕ ಸೇವೆ ವಿಭಾಗದವರಿಗೆ ಮತ್ತು ಕರ್ನಾಟಕ ಸರ್ಕಲ್‌ನ ನೆಟ್‌ವರ್ಕ್ ವಿಭಾಗದವರಿಗೆ,

ವಿಷಯ: ಮೇ ತಿಂಗಳಿಂದ ನಮ್ಮೂರಿನ ಟವರ್‌ನಲ್ಲಿ 900 ಮೆಗಾಹರ್ಟ್ಸ್ ಸಿಗ್ನಲ್ ನಿಂತಿರುವುದು, ಮೂರು ಸಲ ದೂರು ಕೊಟ್ಟರೂ ಸರಿಯಾಗದಿರುವುದು.

ನಮಸ್ಕಾರ.

ನಾನು ತೀರ್ಥಹಳ್ಳಿ ತಾಲೂಕಿನವನು, ಆಗುಂಬೆ ಕಡೆಯ ಹಳ್ಳಿ. ಅಡಿಕೆ ತೋಟ ಇದೆ. ಹನ್ನೊಂದು ವರ್ಷದಿಂದ ನಿಮ್ಮ ಸಿಮ್ ಬಳಸುತ್ತಿದ್ದೇನೆ. ಮನೆಯಲ್ಲಿ ಮೂರು ನಂಬರ್ ಇವೆ, ಮೂರೂ ನಿಮ್ಮವೇ. ಈ ಮೇ ತಿಂಗಳ ಮೂರನೇ ವಾರದವರೆಗೆ ಜಗಲಿಯಲ್ಲಿ ಕೂತು ಆರಾಮಾಗಿ ಮಾತಾಡುತ್ತಿದ್ದೆವು. ಒಂದು ಸಂಜೆ ಜೋರು ಗುಡುಗು ಸಿಡಿಲು ಮಳೆ ಬಂತು. ಮಾರನೇ ದಿನದಿಂದ ಮನೆಯಲ್ಲಿ ಫೋನ್ ಇದ್ದೂ ಇಲ್ಲದ ಹಾಗಾಗಿದೆ.

ಮೂರು ಸಲ ದೂರು ಕೊಟ್ಟೆ. ಮೂರು ಸಲವೂ ನಿಮ್ಮವರು ಹೇಳಿದ್ದು ಒಂದೇ ಮಾತು: "ಸರ್, ನಿಮ್ಮ ಏರಿಯಾದ ಟವರ್ ಆನ್ ಇದೆ, ಏನೂ ಪ್ರಾಬ್ಲಮ್ ಇಲ್ಲ, ಫೋನ್ ಆಫ್ ಮಾಡಿ ಆನ್ ಮಾಡಿ." ಅಷ್ಟು ಹೇಳಿ ದೂರು ಮುಚ್ಚಿಬಿಡುತ್ತಾರೆ. ಸಮಸ್ಯೆ ಬಗೆಹರಿದಿದೆ ಅನ್ನೋ ಮೆಸೇಜ್ ಬಂದಿದ್ದು ನನಗೆ ಗೊತ್ತಾಗೋದೂ ಮಾರನೇ ದಿನ ರಸ್ತೆಗೆ ಹೋದಾಗಲೇ.

ಟವರ್ ಆನ್ ಇದೆ, ನಾನೂ ಒಪ್ಪುತ್ತೇನೆ. ಆದರೆ ಒಂದೇ ಟವರ್‌ನಲ್ಲಿ ಬೇರೆ ಬೇರೆ ಬ್ಯಾಂಡ್, ಅಂದರೆ ಬೇರೆ ಬೇರೆ ಫ್ರೀಕ್ವೆನ್ಸಿಯ ಸಿಗ್ನಲ್ ಇರುತ್ತವೆ, ಅದರಲ್ಲಿ ನಮ್ಮ ಮನೆ ತನಕ ಬರುತ್ತಿದ್ದ ಬ್ಯಾಂಡೇ ನಿಂತುಹೋಗಿದೆ. ಇದನ್ನು ಸುಮ್ನೆ ಹೇಳುತ್ತಿಲ್ಲ. ನನ್ನ ಮಗಳು ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ. ಸಂಕ್ರಾಂತಿ ರಜೆಗೆ ಬಂದಾಗ ನನ್ನ ಫೋನಿಗೆ ಸಿಗ್ನಲ್ ಅಳೆಯುವ ಒಂದು ಆಪ್ ಹಾಕಿ ಜಗಲಿಯಲ್ಲಿ ನಿಂತು ಸ್ಕ್ರೀನ್‌ಶಾಟ್ ತೆಗೆದಿದ್ದಳು. ಆಗ ಬ್ಯಾಂಡ್ 8 ಅಂತ ಇತ್ತು, ಅಂದರೆ 900 ಮೆಗಾಹರ್ಟ್ಸ್, ಸಿಗ್ನಲ್ ಮೈನಸ್ 101 (ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕಡಿಮೆ ಅಂತ). ಈಗ ಅದೇ ಜಾಗದಲ್ಲಿ, ಅದೇ ಫೋನಿನಲ್ಲಿ ಬ್ಯಾಂಡ್ 40 ತೋರಿಸುತ್ತದೆ, ಅದು 2300 ಮೆಗಾಹರ್ಟ್ಸ್. ಸಿಗ್ನಲ್ ಮೈನಸ್ 119, ಅದೂ ಬಂದು ಬಂದು ಹೋಗುತ್ತದೆ. ಬ್ಯಾಂಡ್ 8 ಒಂದು ಸಲವೂ ಕಾಣಲಿಲ್ಲ. ಎರಡೂ ಚಿತ್ರ ಇದರ ಜೊತೆ ಕಳಿಸಿದ್ದೇನೆ.

ಇನ್ನೊಂದು ಸಾಕ್ಷಿ ನನ್ನ ಅಮ್ಮನ ಕೀಪ್ಯಾಡ್ ಫೋನು. ಅದು 2ಜಿ ಮಾತ್ರ ಹಿಡಿಯುವ ಹಳೇ ಫೋನು, ಇಲ್ಲಿ 2ಜಿ ಬರುತ್ತಿದ್ದುದೂ ಅದೇ 900ರಲ್ಲಿ. ಅದೂ ಅವತ್ತಿನಿಂದಲೇ ನಿಂತಿದೆ. ಹೋದ ವಾರ ಅದನ್ನು ಕಿಸೆಯಲ್ಲಿ ಹಾಕಿಕೊಂಡು ಟವರ್ ಬುಡಕ್ಕೇ ಹೋದೆ. ಬೇಲಿ ಹತ್ತಿರ ನಿಂತು ನೋಡಿದರೆ ನನ್ನ ಫೋನಿನಲ್ಲಿ 4ಜಿ ಕಡ್ಡಿ ಪೂರ್ತಿ, ಅಮ್ಮನ ಫೋನಿನಲ್ಲಿ ಒಂದೂ ಇಲ್ಲ. ಆಫ್ ಮಾಡಿ ಆನ್ ಮಾಡಿದೆ, ಬ್ಯಾಟರಿ ಬಿಚ್ಚಿ ಹಾಕಿದೆ, ಆಗಲೂ ಇಲ್ಲ. ಅದೇ ಫೋನು ತೀರ್ಥಹಳ್ಳಿ ಪೇಟೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಅಂದರೆ ಫೋನ್ ಸರಿ ಇದೆ, ಸಿಮ್ ಸರಿ ಇದೆ. ಈ ಟವರ್‌ನ 900ರ ಪೆಟ್ಟಿಗೆ ಕೆಲಸ ಮಾಡುತ್ತಿಲ್ಲ. ಸಿಡಿಲಿಗೆ ಸುಟ್ಟಿತೋ ನೀವೇ ನಿಲ್ಲಿಸಿದಿರೋ, ನಿಮ್ಮ ದಾಖಲೆ ತೆಗೆದರೆ ಐದು ನಿಮಿಷದ ಕೆಲಸ, ಅಲ್ವಾ?

ಇಷ್ಟು ಹೇಳಿದಾಗ ನಿಮ್ಮ ಒಬ್ಬ ಪ್ರತಿನಿಧಿ, "ಬ್ಯಾಂಡ್ ಯಾವುದಾದರೇನು ಸರ್, 2300ರಲ್ಲಿ ಸ್ಪೀಡ್ ಜಾಸ್ತಿ" ಅಂದರು. ಟವರ್ ಹತ್ತಿರ ಇರುವವರಿಗೆ ಅದು ಸರಿ. ಆದರೆ ನಮ್ಮ ಮನೆ ಟವರ್‌ನಿಂದ ಸುಮಾರು 3 ಕಿಲೋಮೀಟರ್ ದೂರ, ನಡುವೆ ಒಂದು ಗುಡ್ಡ, ಗುಡ್ಡ ಇಳಿದ ಮೇಲೆ ತೋಟ, ಮನೆ ಹಿಂದೆ ಎತ್ತರದ ಧರೆ (ಮಣ್ಣಿನ ದಿಬ್ಬ). 900ರ ಅಲೆ ಸುಮಾರು 33 ಸೆಂಟಿಮೀಟರ್ ಉದ್ದ, 2300ರದ್ದು 13 ಸೆಂಟಿಮೀಟರ್. ಉದ್ದದ ಅಲೆ ಗುಡ್ಡದ ನೆತ್ತಿ ದಾಟಿ ಸ್ವಲ್ಪ ಬಾಗಿ ಕೆಳಗಿಳಿಯುತ್ತದೆ, ಗಿಡ್ಡ ಅಲೆ ಅಷ್ಟು ಬಾಗುವುದಿಲ್ಲ. ಅಡ್ಡ ಏನೂ ಇಲ್ಲದ ಬಯಲಲ್ಲೇ, ಒಂದೇ ಶಕ್ತಿಯಲ್ಲಿ ಒಂದೇ ಬಗೆಯ ಆಂಟೆನಾದಿಂದ ಕಳಿಸಿದರೂ, 2300ರಲ್ಲಿ ಫೋನಿಗೆ ಮುಟ್ಟುವುದು 900ರ ಆರನೇ ಒಂದು ಪಾಲಿನಷ್ಟು ಮಾತ್ರ. ಅದರ ಮೇಲೆ ನಮ್ಮಲ್ಲಿ ಮರ, ಮಳೆ. ಒದ್ದೆ ಎಲೆ ಸಿಗ್ನಲ್ ತಿನ್ನುತ್ತದೆ, ಫ್ರೀಕ್ವೆನ್ಸಿ ಏರಿದ ಹಾಗೆ ಜಾಸ್ತಿ ತಿನ್ನುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಇಲ್ಲಿ ಜೂನ್‌ನಿಂದ ಎಲೆ ಒಣಗುವುದೇ ಇಲ್ಲ.

"ಎರಡು ಕಡ್ಡಿ ತೋರಿಸುತ್ತಿದೆಯಲ್ಲ ಸರ್" ಅಂತಲೂ ಕೇಳಿದರು. ತೋರಿಸುತ್ತದೆ, ಕಾಲ್ ಹೋಗುವುದಿಲ್ಲ. ಯಾಕೆ ಅಂದರೆ ಕಡ್ಡಿ ಹೇಳೋದು ಟವರ್ ಮಾತು ಫೋನಿಗೆ ಎಷ್ಟು ಕೇಳಿಸುತ್ತಿದೆ ಅಂತ ಮಾತ್ರ. ಫೋನಿನ ಮಾತು ಟವರ್‌ಗೆ ಕೇಳಿಸಬೇಕಲ್ಲ? ಟವರ್ ಹತ್ತಾರು ವ್ಯಾಟ್‌ನಲ್ಲಿ ಕೂಗುತ್ತದೆ. ಫೋನಿಗೆ ಇರುವುದು ವ್ಯಾಟ್‌ನ ಐದನೇ ಒಂದು ಭಾಗ. ಅದರಲ್ಲೂ ಬ್ಯಾಂಡ್ 40ರಲ್ಲಿ ಹೋಗುವುದಕ್ಕೂ ಬರುವುದಕ್ಕೂ ಒಂದೇ ಫ್ರೀಕ್ವೆನ್ಸಿ, ಸರದಿ ಪ್ರಕಾರ ನಡೆಯುತ್ತದೆ, ಮತ್ತು ಸರದಿಯಲ್ಲಿ ದೊಡ್ಡ ಪಾಲು ಡೌನ್‌ಲೋಡ್‌ಗೆ. ಫೋನಿಗೆ ಮಾತಾಡಲು ಸಿಗುವುದು ಚೂರು ಹೊತ್ತು. ಗುಡ್ಡದ ಆಚೆಯಿಂದ ಆ ಸಣ್ಣ ದನಿ ಮುಟ್ಟುವುದಿಲ್ಲ. ಹಾಗಾಗಿ ಕಡ್ಡಿ ನೋಡಿ ಎಲ್ಲಾ ಸರಿ ಇದೆ ಅನ್ನಬೇಡಿ.

ಇದರಿಂದ ನಮಗೆ ಆದ ನಷ್ಟ ಹೇಳುತ್ತೇನೆ. ಅಡಿಕೆಗೆ ಕೊಳೆ ರೋಗ ಬರದ ಹಾಗೆ ಮಳೆ ನಡುವೆ ಒಂದೆರಡು ದಿನ ಹೊಳವಾದಾಗ ಮೈಲುತುತ್ತ ಸುಣ್ಣದ ಔಷಧಿ ಹೊಡೆಯಬೇಕು. ಆ ಹೊಳ ತಪ್ಪಿದರೆ ತಪ್ಪಿತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಕೈಬೆರಳೆಣಿಕೆಯಷ್ಟು ಜನ, ಅವರು ಫೋನ್ ಮಾಡಿದಾಗ "ಬನ್ನಿ" ಅನ್ನಬೇಕು. ಜುಲೈನಲ್ಲಿ ಎರಡನೇ ಸಲದ ಔಷಧಿಗೆ ನಮ್ಮ ಕೊನೆಗಾರ ಹಿಂದಿನ ಸಂಜೆ ಆರು ಸಲ ಫೋನ್ ಮಾಡಿದ್ದಾರೆ. ನಾನು ಜಗಲಿಯಲ್ಲೇ ಇದ್ದೆ, ಫೋನ್ ಎದುರಿಗೇ ಇತ್ತು. ಒಂದೂ ಬರಲಿಲ್ಲ. ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಹೋದಾಗ ಆರು ಮಿಸ್ಡ್ ಕಾಲ್ ಮೆಸೇಜ್ ಒಟ್ಟಿಗೆ ಬಂದವು. ವಾಪಸ್ ಮಾಡಿದರೆ, "ನೀವು ತೆಗೀಲಿಲ್ಲ ಅಂತ ಬೇರೆಯವರ ತೋಟಕ್ಕೆ ಬಂದುಬಿಟ್ಟೆ ಅಣ್ಣಾ" ಅಂದರು. ಅವರದೇನೂ ತಪ್ಪಿಲ್ಲ. ಆಮೇಲೆ ಹದಿಮೂರು ದಿನ ಬಿಡದೆ ಮಳೆ. ಈಗ ತೋಟದ ಕೆಳಗಿನ ಸಾಲಿನಲ್ಲಿ ಎಳೇ ಅಡಿಕೆ ಬಿಳಿ ಬೂಸಲು ಹಿಡಿದು ಉದುರಿ ಬಿದ್ದಿದೆ. ದಿನಾ ಬೆಳಿಗ್ಗೆ ಅದನ್ನು ಹೆಕ್ಕಿ ಗೋಣಿಗೆ ತುಂಬುತ್ತಿದ್ದೇನೆ.

ಅಮ್ಮನಿಗೆ ಎಪ್ಪತ್ತೆಂಟು. ರಾತ್ರಿ ಏನಾದರೂ ಆದರೆ 108ಕ್ಕೆ ಫೋನ್ ಮಾಡಲು ಟಾರ್ಚ್ ಹಿಡಿದು ರಸ್ತೆ ತನಕ ಓಡಬೇಕು.

ಗುಡ್ಡದ ಈಚೆ ಹದಿನಾಲ್ಕು ಮನೆಗಳಿವೆ, ಎಲ್ಲರದ್ದೂ ಇದೇ ಕಥೆ. ಟವರ್ ಪಕ್ಕದ ಪೇಟೆಯವರಿಗೆ ವ್ಯತ್ಯಾಸವೇ ಗೊತ್ತಾಗಿಲ್ಲ, ಅವರ ಫೋನ್ 2300ರಲ್ಲಿ ಚೆನ್ನಾಗಿ ನಡೆಯುತ್ತಿದೆ. ಅದಕ್ಕೇ ನಿಮಗೆ ದೂರು ಕಡಿಮೆ ಬಂದಿರಬಹುದು.

ನಿಮ್ಮವರು ಕೊಟ್ಟ ಎರಡು ಸಲಹೆ ಬಗ್ಗೆಯೂ ಹೇಳಿಬಿಡುತ್ತೇನೆ. ಒಬ್ಬರು 5ಜಿ ಫೋನ್ ತಗೊಳ್ಳಿ ಅಂದರು. 3300 ಮೆಗಾಹರ್ಟ್ಸ್‌ನ 5ಜಿ ಈ ಗುಡ್ಡ ದಾಟಿ 2300ಕ್ಕಿಂತ ಚೆನ್ನಾಗಿ ಬರುತ್ತದೆಯೇ? ಇನ್ನೊಬ್ಬರು ಅಂಗಡಿಯಲ್ಲಿ ಸಿಗ್ನಲ್ ಜಾಸ್ತಿ ಮಾಡುವ ಬೂಸ್ಟರ್ ಸಿಗುತ್ತದೆ, ಹಾಕಿಸಿ ಅಂದರು. ಅನುಮತಿ ಇಲ್ಲದೆ ಬೂಸ್ಟರ್ ಹಾಕುವುದು ಕಾನೂನಿಗೆ ವಿರುದ್ಧ, ಅಕ್ಕಪಕ್ಕದ ನೆಟ್‌ವರ್ಕನ್ನೂ ಅದು ಕೆಡಿಸುತ್ತದೆ. ಗ್ರಾಹಕರಿಗೆ ಹೀಗೆ ಹೇಳಬೇಡಿ ಅಂತ ದಯವಿಟ್ಟು ನಿಮ್ಮ ಸಿಬ್ಬಂದಿಗೆ ತಿಳಿಸಿ.

ಎಲ್ಲಿ ಯಾವ ಸೇವೆ ಸಿಗುತ್ತದೆ ಅನ್ನೋ ನಕ್ಷೆಯನ್ನು ಕಂಪನಿಗಳು ವೆಬ್‌ಸೈಟ್‌ನಲ್ಲಿ ಹಾಕಬೇಕು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ನಿಯಮದಲ್ಲಿ ಹೇಳಿದೆ. ನಿಮ್ಮ ನಕ್ಷೆ ತೆರೆದು ನೋಡಿದೆ. ನಮ್ಮ ಮನೆ, ತೋಟ, ಹಿಂದಿನ ಧರೆ ಎಲ್ಲಾ 2ಜಿ, 4ಜಿ ಬಣ್ಣದೊಳಗೇ ಇದೆ. 900 ಇದ್ದಾಗ ಅದು ನಿಜ, ಈಗ ಸುಳ್ಳು. ಸರಿಪಡಿಸುವ ತನಕ ಆ ಬಣ್ಣ ತೆಗೆಯಿರಿ.

ನನಗೆ ಬೇಕಾಗಿರೋದು ಇಷ್ಟು. ಆ ಟವರ್‌ನ 900 ಮೆಗಾಹರ್ಟ್ಸ್ ಉಪಕರಣವನ್ನು ಎಂಜಿನಿಯರ್ ಒಬ್ಬರು ಖುದ್ದಾಗಿ ನೋಡಲಿ, ಕೆಟ್ಟಿದ್ದರೆ ಬದಲಾಯಿಸಿ. ನೀವೇ ನಿಲ್ಲಿಸಿದ್ದರೆ ಯಾಕೆ ಅಂತ ಲಿಖಿತವಾಗಿ ತಿಳಿಸಿ. ಮೇಯಿಂದ ಮೂರು ನಂಬರಿಗೂ ತುಂಬಿದ ರೀಚಾರ್ಜ್‌ನಷ್ಟು ದಿನದ ವ್ಯಾಲಿಡಿಟಿ ವಾಪಸ್ ಕೊಡಿ. ಮತ್ತೆ ಈ ದೂರನ್ನು ನನ್ನ ಒಪ್ಪಿಗೆ ಇಲ್ಲದೆ ಮುಚ್ಚಬೇಡಿ. ಪೋರ್ಟ್ ಮಾಡೋಣ ಅಂದರೆ ಗುಡ್ಡದ ಈಚೆಗೆ ಮುಟ್ಟುವ ಬೇರೆ ಕಂಪನಿ ಟವರ್ ಇಲ್ಲ. ಮತ್ತೆ ಅದೇ ಉತ್ತರ ಬಂದರೆ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಇದೇ ಕಾಗದಪತ್ರ ಕೊಡುತ್ತೇನೆ. ಹದಿನಾಲ್ಕೂ ಮನೆಯವರು ಸಹಿ ಹಾಕಲು ಒಪ್ಪಿದ್ದಾರೆ.

ಎಂಜಿನಿಯರ್ ಬರುವ ಹಿಂದಿನ ದಿನ ನನಗೆ ಮೆಸೇಜ್ ಹಾಕಲಿ, ಫೋನ್ ಮಾಡಿದರೆ ಸಿಗುವುದಿಲ್ಲ. ಬೆಳಿಗ್ಗೆ ಏಳಕ್ಕೆ ಡೈರಿ ಹತ್ತಿರ ಇರುತ್ತೇನೆ, ಮೆಸೇಜ್ ಅಲ್ಲಿ ಬರುತ್ತದೆ. ಅಲ್ಲಿಂದ ನಾನೇ ಕರೆದುಕೊಂಡು ಹೋಗಿ ಟವರ್ ಬುಡದಿಂದ ಜಗಲಿ ತನಕ ಎಲ್ಲಾ ಕಡೆ ಅಳತೆ ಮಾಡಿಸುತ್ತೇನೆ. ಅಮ್ಮನ ಫೋನನ್ನೂ ತರುತ್ತೇನೆ.

ಇಂತಿ,
ನಿಮ್ಮ ಹನ್ನೊಂದು ವರ್ಷದ ಗ್ರಾಹಕ