ಷಟರ್ ಎತ್ತಿದ ಚಿತ್ರವನ್ನೂ ಹಾಕಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಮುಂಬೈನ ಚಿತ್ರಕಲಾವಿದ ಅತುಲ್ ಡೋಡಿಯಾ ಅವರ ಬಗ್ಗೆ ಬಂದ ಲೇಖನ ಓದಿದೆ. ಅವರ ಚಿತ್ರಗಳಲ್ಲಿ ಬರುವ ಕ್ಯಾಲೆಂಡರ್ ದೇವರು, ಅಂಗಡಿ ಷಟರ್, ಕಪಾಟು ಮೇಜುಗಳಿಗೆ ಅಂಟಿಸುವ ಹೂಬಳ್ಳಿಯ ಸನ್‌ಮೈಕಾ ಹಾಳೆ ಇವೆಲ್ಲ ಮಧ್ಯಮ ವರ್ಗದ ಅಗ್ಗದ ಅಭಿರುಚಿಯಂತೆ. ಕಲಾವಿದರು ಅದನ್ನು ಗೇಲಿ ಮಾಡಿದ್ದಾರಂತೆ. ಈ ಮಾತು ನನಗೆ ಒಪ್ಪಿಗೆಯಿಲ್ಲ.

ನಾನು ಕಲಬುರಗಿ ಕಡೆಯವನು. ಮುಂಬೈನಲ್ಲಿ ಪ್ಲೈವುಡ್, ಸನ್‌ಮೈಕಾ ಮಾರುವ ಅಂಗಡಿಯ ಕೌಂಟರಿನಲ್ಲೇ ವಯಸ್ಸು ಕಳೆದವನು. ಎಂಟಡಿ ಉದ್ದ, ನಾಲ್ಕಡಿ ಅಗಲದ ಹಾಳೆಗಳು. ಚಾಳಿನ ಒಂದು ಖೋಲಿಯ ಮನೆಯವರು ಗಂಡ ಹೆಂಡತಿ ಸಮೇತ ಬರುತ್ತಾರೆ. ಕೆಟಲಾಗ್ ತಿರುವಿ ಹಾಕುತ್ತಾರೆ. ತೇಗದ ಗೆರೆಯದ್ದಾ, ಅಮೃತಶಿಲೆಯ ಥರದ್ದಾ, ಗುಲಾಬಿ ಹೂವಿನದ್ದಾ ಅಂತ ಮಾತು ಮುಗಿಯುವುದೇ ಇಲ್ಲ. ಸುಮ್ನೆ ಅಲ್ಲ ಅದು. ಎಷ್ಟೋ ಸಲ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿರುತ್ತಾರೆ. ಹಳೇ ಕಪಾಟು ಹೊಸದರಂತೆ ಕಾಣಬೇಕು. ಆ ಹೂವಿನ ಹಾಳೆಗೆ ಅಪ್ಪ ಎರಡೆರಡು ಸಲ ಎಣಿಸಿ ಕೊಡುವ ನೋಟುಗಳನ್ನು ನಾನು ನೋಡಿದ್ದೇನೆ. ಅದನ್ನು ಅಗ್ಗ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಡೋಡಿಯಾ ಘಾಟ್ಕೋಪರಿನವರು. ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು. ನಾವು ಮಾರುವಂಥ ಸನ್‌ಮೈಕಾ, ಅಂದರೆ ಲ್ಯಾಮಿನೇಟ್ ಹಾಳೆಯ ಮೇಲೆಯೇ ಎನಾಮಲ್ ಬಣ್ಣದಲ್ಲಿ ಚಿತ್ರ ಬರೆದಿದ್ದಾರೆ. ಅಂಗಡಿಯ ಕಬ್ಬಿಣದ ಷಟರ್ ಮೇಲೊಂದು, ಅದರ ಹಿಂದೆ ಇನ್ನೊಂದು ಚಿತ್ರವನ್ನೂ ಬರೆದಿದ್ದಾರೆ. 2001ರಲ್ಲಿ ಅವರ ಷಟರ್ ಚಿತ್ರಗಳು ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದವರೆಗೂ ಹೋದವು.

ಲೇಖನದ ಜೊತೆ ನೀವು ಅವರ ‘ಮಹಾಲಕ್ಷ್ಮಿ’ಯನ್ನು ಅಚ್ಚು ಹಾಕಿದ್ದೀರಿ. ಷಟರ್ ಇಳಿಸಿದಾಗ ಕಾಣುವ ದೇವಿ ಮಾತ್ರ ಅದರಲ್ಲಿದ್ದಾಳೆ. ಥೇಟ್ ಕ್ಯಾಲೆಂಡರಿನ ಲಕ್ಷ್ಮಿ. ಷಟರ್ ಎತ್ತಿದರೆ ಒಳಗೆ ನೇಣು ಹಾಕಿಕೊಂಡ ಮೂವರು ಅಕ್ಕತಂಗಿಯರಿದ್ದಾರೆ. 1988ರಲ್ಲಿ ಕಾನ್ಪುರದಲ್ಲಿ ನಡೆದದ್ದು ಇದು. ಅಪ್ಪನಿಗೆ ವರದಕ್ಷಿಣೆಯ ಹೊರೆ ಆಗಬಾರದು ಅಂತ ಮೂವರೂ ಪ್ರಾಣ ಬಿಟ್ಟರು. ಈಗ ಹೇಳಿ, ಇದರಲ್ಲಿ ಗೇಲಿ ಎಲ್ಲಿದೆ? ಅದೇ ಲಕ್ಷ್ಮಿಯ ಪಟ ಆ ಮನೆಯ ಗೋಡೆಯ ಮೇಲೂ ಇದ್ದಿರಬಹುದು, ಅಲ್ವಾ? ನಮ್ಮೆಲ್ಲರ ಮನೆಯಲ್ಲೂ ಇದೆ. ಹೆಣ್ಣು ಹುಟ್ಟಿದರೆ ಲಕ್ಷ್ಮಿ ಬಂದಳು ಅನ್ನುವವರೂ ನಾವೇ. ನಮಗೆ ಗೊತ್ತಿರುವ ಆ ಮುಖವನ್ನೇ ಬರೆದದ್ದರಿಂದ ಒಳಗಿನದು ಅಷ್ಟು ಜೋರಾಗಿ ತಾಗುತ್ತದೆ. ಅಲ್ಲಿ ಬೇರೆ ಯಾವುದೋ ದೊಡ್ಡ ಶೈಲಿಯ ಚಿತ್ರವಿದ್ದಿದ್ದರೆ ನನ್ನಂಥವನು ನೋಡಿ ಮುಂದೆ ಹೋಗುತ್ತಿದ್ದೆ.

ಕ್ಯಾಲೆಂಡರ್ ಚಿತ್ರವೆಂದರೆ ಮೂಗು ಮುರಿಯುವವರಿಗೆ ನಮ್ಮೂರಿನ ಎಸ್.ಎಂ. ಪಂಡಿತರನ್ನೂ ನೆನಪಿಸಬೇಕು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬೈಗೆ ಬಂದು, ಸಿನಿಮಾ ಪೋಸ್ಟರು, ದೇವರ ಕ್ಯಾಲೆಂಡರು ಬರೆದವರು ಅವರು. ವರ್ಷ ಮುಗಿದ ಮೇಲೂ ನಮ್ಮವ್ವ ಅಂಥ ಚಿತ್ರಗಳನ್ನು ಕತ್ತರಿಸಿ, ಕಟ್ಟು ಹಾಕಿಸಿ, ದೇವರ ಜಗಲಿಯ ಮೇಲೆ ಇಡುತ್ತಿದ್ದಳು.

ದಯವಿಟ್ಟು ಮುಂದಿನ ಭಾನುವಾರ ಷಟರ್ ಇಳಿಸಿದ್ದು, ಎತ್ತಿದ್ದು ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿ. ಪಂಡಿತರ ಬಗ್ಗೆಯೂ ತಿಳಿದವರಿಂದ ಒಂದು ಪುಟ ಬರೆಸಿ.

ನಿಮ್ಮ ಹಳೆಯ ಓದುಗ,
ಡೊಂಬಿವಲಿ