ಮಂಡಿಪೇಟೆಯಲ್ಲಿ ಸಿಕ್ಕ ಅಜ್ಜನಿಗೆ

ಅಜ್ಜಾ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಹೋದ ಭಾನುವಾರ ದಾವಣಗೆರೆಯ ಮಂಡಿಪೇಟೆಯಲ್ಲಿ ಕತ್ತಿ, ಸಾಣೆಕಲ್ಲು ಚೀಲದಲ್ಲಿಟ್ಟುಕೊಂಡು ಅಲೆಯುತ್ತಿದ್ದ ಹುಡುಗ ನಾನೇ.

ಸ್ಟೇನ್‌ಲೆಸ್ ಸ್ಟೀಲಿನ ಕ್ಷೌರದ ಕತ್ತಿ ತಂದು ತಿಂಗಳಾಗಿತ್ತು. ಎಷ್ಟು ಮಸೆದರೂ ಅದು ಗಡ್ಡ ಕೀಳುತ್ತಿತ್ತೇ ಹೊರತು ಬೋಳಿಸುತ್ತಿರಲಿಲ್ಲ. ನೀವು ಯಾರದೋ ಅಂಗಡಿ ಕಟ್ಟೆಯ ಮೇಲೆ ಕೂರಿಸಿಕೊಂಡು, ಅಲಗಿನ ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು, 1000 ಗ್ರಿಟ್‌ನ ಒರಟು ಸಾಣೆಕಲ್ಲಿನ ಮೇಲೆ ಎರಡು ಸಲ ಎಳೆಸಿದಿರಿ. ತುದಿಯ ಮಸಿ ಹಾಗೇ ಇತ್ತು! ಅಂದರೆ ಕತ್ತಿಯ ಬಾಯಿ ಕಲ್ಲಿಗೆ ತಾಗುತ್ತಲೇ ಇರಲಿಲ್ಲ. ನಾನು ಸುಮ್ನೆ ಕೊನೆಗೆ ನಯ ಮಾಡುವ 8000ದ ನುಣುಪು ಕಲ್ಲಿನ ಮೇಲೆ ಉಜ್ಜುತ್ತಾ ಕೂತಿದ್ದೆ.

"ಕತ್ತಿಯ ಬೆನ್ನು ಕಲ್ಲಿನಿಂದ ಎತ್ತಬೇಡ ತಮ್ಮಾ. ಒತ್ತಲೂ ಬೇಡ. ಇದು ಸ್ಟೇನ್‌ಲೆಸ್ಸು, ನಿಧಾನಕ್ಕೇ ಸವೆಯೋದು," ಅಂದಿರಿ.

ಕಲ್ಲಾದ ಮೇಲೆ ಕತ್ತಿ ಉಜ್ಜುವ ಚರ್ಮದ ಪಟ್ಟಿಯ ಮೇಲೆ ಅಲಗಿನ ಬೆನ್ನು ಮುಂದಾಗಿ ಹೋಗಬೇಕು ಅನ್ನುವುದೂ ಗೊತ್ತಿರಲಿಲ್ಲ. ಪಟ್ಟಿಗೆ ಆಗಲೇ ಎರಡು ಗಾಯ ಮಾಡಿದ್ದೆ. ಕೇಳಿ ನಕ್ಕಿರಿ, ಬೈಯಲಿಲ್ಲ.

ಕಾಸು ಕೊಡಲು ಬಂದರೆ ಮಂಡಕ್ಕಿ ಮೆಣಸಿನಕಾಯಿ ಸಾಕು ಅಂದಿರಿ. ಅದರಲ್ಲೂ ಅರ್ಧ ನನಗೇ ತಿನ್ನಿಸಿದಿರಿ, ಅಲ್ವಾ?

ನಿನ್ನೆ ಮೊದಲ ಸಲ ಕೆನ್ನೆ ಉರಿಯಲಿಲ್ಲ. ಗದ್ದದ ಕೆಳಗೆ ಮಾತ್ರ ಒಂದು ಗೀರು ಬಿತ್ತು. ಅದು ನನ್ನ ಕೈಯ ತಪ್ಪು, ಕತ್ತಿಯದಲ್ಲ. ತುಂಬಾ ಥ್ಯಾಂಕ್ಸ್ ಅಜ್ಜಾ.